ಫ್ರಿಜ್ ಕೆಟ್ಟಿರಲಿಲ್ಲ

ಮನೆಯಿಂದ,
ಹದಿನೆಂಟನೇ ತಾರೀಖು, ಬುಧವಾರ, ಮುಸ್ಸಂಜೆ

ಮೋಡದ ಪಕ್ಕದಲ್ಲಿ ಬಿಡಾರ ಹೂಡಿರುವ ನನ್ನ ಮುದ್ದಿನ ಮಗಳಿಗೆ, ಕೆಳಗಿನಿಂದ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೋ, ಇಲ್ಲ ಇನ್ನೂ ನಿನ್ನ ಜೊತೆಗೇ ಡ್ಯೂಟಿ ಮಾಡುತ್ತಿದೆಯೋ? ಚಳಿಗೆ ಕಾಲ್ಬೆರಳು ಊದಿಕೊಂಡಿವೆ ಎಂದು ಹೋದ ಸಲ ಬರೆದಿದ್ದೆ. ಅದನ್ನು ಓದಿದ ಗಳಿಗೆಯಿಂದ ನಿನ್ನ ಅಮ್ಮ ಉಣ್ಣೆಯ ಉಂಡೆ ಹಿಡಿದು ಕೂತು ಎರಡು ಜೊತೆ ಕಾಲುಚೀಲ ಹೆಣೆದಿದ್ದಾಳೆ. ಒಂದು ನಿನ್ನ ಕಾಲಿಗೆ ಆಗುತ್ತದೆ, ಇನ್ನೊಂದು ಆನೆಯ ಕಾಲಿಗೆ ಆಗುತ್ತದೆ. ಅವಳ ಮುಂದೆ ಹಾಗೆ ಹೇಳಿ ಬೈಸಿಕೊಂಡೆ. ನೀನು ಒಂದರ ಮೇಲೊಂದು ಹಾಕಿಕೋ, ಇಬ್ಬರ ಮಾನವೂ ಉಳಿಯುತ್ತದೆ. ನಿಮ್ಮ ಜೀಪಿನ ಡ್ರೈವರ್ ಮೊನ್ನೆ ಬೀದಿ ಕೊನೆಯಲ್ಲಿ ಸಿಕ್ಕಿ, ‘ಮೇಡಂ ಈಗೀಗ ಗಾಳಿ ಅಳೆಯೋ ಯಂತ್ರಕ್ಕೇ ಬೈತಾರೆ ಅಜ್ಜ’ ಎಂದು ನಗುತ್ತಿದ್ದ. ನಾನೂ ನಕ್ಕೆ. ಒಬ್ಬಳೇ ಇದ್ದು ಇದ್ದು ನಿನಗೂ ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿರಬೇಕು. ಇವತ್ತು ಊಟ ಮುಗಿಸಿ ಅವನು ಬೆಟ್ಟಕ್ಕೆ ಹೊರಡುತ್ತಾನಂತೆ. ನಿಮ್ಮ ಹವಾಮಾನ ಕೇಂದ್ರದ ತರಕಾರಿ ಮೂಟೆಗಳ ಜೊತೆ ಈ ಕಾಗದವನ್ನೂ ತಂದುಕೊಡುತ್ತಾನೆ.

ನಾವೆಲ್ಲ ಕ್ಷೇಮ ಎಂದು ಈಗ ಬರೆಯಬೇಕು. ಕೈ ಬರುತ್ತಿಲ್ಲ. ಮೂರು ಸಂಜೆ ನಿನ್ನ ಫೋನಿಗೆ ಹಚ್ಚಿ ಹಚ್ಚಿ ಸಾಕಾಯಿತು. ಮೋಡ ಸರಿದಾಗ ಬಂಡೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದೆ ಎಂದು ನೀನೇ ಹೇಳಿದ್ದೆಯಲ್ಲ. ನಿಮ್ಮ ಆಫೀಸಿಗೆ ಹೋಗಿ ವೈರ್‌ಲೆಸ್ಸಿನಲ್ಲಿ ಹೇಳಿಸೋಣ ಎಂದುಕೊಂಡೆ, ಬಾಗಿಲವರೆಗೂ ಹೋದೆ. ಅಲ್ಲಿ ಒಬ್ಬ ಕಿರುಚಿ ಹೇಳಬೇಕು, ನಾಲ್ಕು ಜನ ಕೇಳಿಸಿಕೊಳ್ಳಬೇಕು. ಈ ವಿಷಯ ಹಾಗೆ ಕಿರುಚುವಂಥದ್ದಲ್ಲ ಎಂದು ವಾಪಸ್ ಬಂದೆ. ವಿಷಯ ನಿನ್ನ ಮಗಳದು. ಮೊದಲೇ ಹೇಳಿಬಿಡುತ್ತೇನೆ, ಈಗ ಅವಳು ಪಕ್ಕದ ಕೋಣೆಯಲ್ಲಿ ಪಾಠ ಓದುತ್ತಿದ್ದಾಳೆ, ಪುಟ ತಿರುಗಿಸುವ ಸದ್ದು ನನಗೆ ಕೇಳುತ್ತಿದೆ. ಅದು ಕೇಳುತ್ತಿರುವವರೆಗೆ ನಾನು ಬರೆಯಬಲ್ಲೆ.

ನೀನು ಬೆಟ್ಟಕ್ಕೆ ಹೋದ ಮೇಲೆ ಸ್ವಲ್ಪ ದಿನ ಎಲ್ಲ ಸರಿಯಿತ್ತು. ಆಮೇಲೆ ಮಗುವಿನ, ನಮ್ಮ ಬೆಣ್ಣೆಯ, ಶುಗರ್ ಏರತೊಡಗಿತು. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಇನ್ನೂ ಹೆಚ್ಚು. ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ, ಸ್ಕೂಲಿನಿಂದ ಬಂದವಳೇ ಬಚ್ಚಲಿಗೆ ಓಡುತ್ತಾಳೆ. ಕೆನ್ನೆ ಇಳಿಯಿತು, ಕುತ್ತಿಗೆ ಉದ್ದವಾಯಿತು. ನಿನ್ನ ಅಮ್ಮನಿಗೆ ಮೊದಮೊದಲು ಹೆಮ್ಮೆಯೇ. ‘ಹದಿನೈದು ತುಂಬಿತಲ್ಲ, ಹುಡುಗಿ ಚಿಗುರ್ತಾ ಇದ್ದಾಳೆ, ನಾನೂ ಆ ವಯಸ್ಸಲ್ಲಿ ಹಿಂಗೇ ಬಳ್ಳಿ ಥರ ಇದ್ದೆ’ ಎಂದು ಎದುರುಮನೆಯವಳಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ಅವಳು ಬಳ್ಳಿಯ ಥರ ಇದ್ದದ್ದನ್ನು ನಾನಂತೂ ನೋಡಿಲ್ಲ, ಆ ಮಾತು ಇರಲಿ. ನನಗೆ ಮಾತ್ರ ಬೇರೆ ಅನುಮಾನ ಬಂತು. ನಲವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವನಿಗೆ ಯಾವ ಅನುಮಾನ ಬಂದೀತು ಹೇಳು? ಫ್ರಿಜ್ಜಿನ ಮೇಲೆಯೇ ಬಂತು.

ಇನ್ಸುಲಿನ್ನು ಹೆಪ್ಪುಗಟ್ಟಬಾರದು, ಬಿಸಿಯೂ ಆಗಬಾರದು, ಎರಡರಲ್ಲಿ ಯಾವುದಾದರೂ ಅದು ಸತ್ತ ಹಾಗೆಯೇ, ಚುಚ್ಚಿದರೂ ನೀರು ಚುಚ್ಚಿದಂತೆ. ಇದು ನನಗೆ ಗೊತ್ತು. ನಮ್ಮ ಫ್ರಿಜ್ಜೋ, ನಾನೇ ಒಂದರ ಮೋಟಾರು, ಇನ್ನೊಂದರ ಬಾಗಿಲು ಸೇರಿಸಿ ಎಬ್ಬಿಸಿ ನಿಲ್ಲಿಸಿದ್ದು. ಅದರ ಜಾತಕ ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ. ಮೊದಲು ನಿನ್ನ ಅಮ್ಮನ ಮೇಲೆ ಹರಿಹಾಯ್ದೆ. ಬಾಗಿಲಲ್ಲಿ ಇಡಬೇಕಾದ ಇನ್ಸುಲಿನ್ನನ್ನು ಐಸಿನ ಹತ್ತಿರ ತಳ್ಳಿದ್ದೀಯ ಎಂದೆ. ಅವಳು ತಳ್ಳಿರಲಿಲ್ಲ ಪಾಪ, ಎರಡು ದಿನ ಮಾತು ಬಿಟ್ಟಳು. ಆಮೇಲೆ ಥರ್ಮೋಸ್ಟಾಟ್ ಬದಲಿಸಿದೆ. ಬಾಗಿಲಿನ ರಬ್ಬರು ಬದಲಿಸಿದೆ. ನೀರಿನ ಲೋಟದಲ್ಲಿ ಥರ್ಮಾಮೀಟರ್ ಮುಳುಗಿಸಿ ಒಳಗಿಟ್ಟು, ಹೋಗುತ್ತ ಬರುತ್ತ ಬಾಗಿಲು ತೆಗೆದು ನೋಡಿದೆ. ನಾನು ಹಾಗೆ ತೆಗೆದೂ ತೆಗೆದೂ ಒಳಗೆ ಬಿಸಿಯಾಗುತ್ತದೆ ಎಂದು ನಿನ್ನ ಅಮ್ಮ ಅಂದದ್ದೂ ನ್ಯಾಯವೇ. ಕೊನೆಗೆ ನನ್ನ ರಿಪೇರಿ ಅಂಗಡಿಯಿಂದ ಇನ್ನೊಂದು ಫ್ರಿಜ್ ಹೊತ್ತು ತಂದೆ. ಈಗ ನಡುಮನೆಯಲ್ಲಿ ಎರಡೂ ಮುನಿಸಿಕೊಂಡ ಬೀಗರ ಹಾಗೆ ಮುಖ ತಿರುಗಿಸಿ ನಿಂತಿವೆ. ಔಷಧದ ಅಂಗಡಿಯಿಂದ ಹೊಸ ಇನ್ಸುಲಿನ್ ತಂದೆವು. ಶುಗರ್ ನೋಡುವ ಮೀಟರಿನಲ್ಲಿ ಅದೇ ಏರು.

ಈ ಎಲ್ಲದರಲ್ಲೂ ಬೆಣ್ಣೆ ನನ್ನ ಜೊತೆಗಿದ್ದಳು. ‘ಹೌದಜ್ಜ, ಫ್ರಿಜ್ಜೇ ಸರಿ ಇಲ್ಲ ಅನ್ಸುತ್ತೆ’ ಎಂದಳು. ನಾನು ಫ್ರಿಜ್ಜಿನ ಹಿಂದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಸ್ಕ್ರೂ ಬಿಚ್ಚುವಾಗ ಅವಳೇ ಟಾರ್ಚ್ ಹಿಡಿದಳು. ನಾನು ಕೇಳುವ ಮೊದಲೇ ಬೆಳಕನ್ನು ಬೇಕಾದ ಕಡೆ ತಿರುಗಿಸುತ್ತಿದ್ದಳು, ಅಷ್ಟು ಜಾಣೆ. ನನ್ನ ಕಸುಬು ಯಾರಿಗೂ ಬೇಡವಾಯಿತು, ಮೊಮ್ಮಗಳಿಗಾದರೂ ರುಚಿಸಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಟಾರ್ಚ್ ಹಿಡಿದಿದ್ದಾಗಲೂ ಮಗಳೇ, ಫ್ರಿಜ್ಜಿಗೆ ಏನೂ ಆಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರ ಹತ್ತಿರವೂ ನಾನೇ ಕರೆದುಕೊಂಡು ಹೋದೆ. ಮೊದಲ ಸಲ ಅವರು, ‘ಬೆಳೆಯೋ ವಯಸ್ಸು, ಹೆಚ್ಚು ಬೇಕಾಗುತ್ತೆ’ ಎಂದು ಪ್ರಮಾಣ ಏರಿಸಿದರು. ಎರಡನೇ ಸಲ, ಶುಗರ್ ಮತ್ತೂ ಹೆಚ್ಚಿದ್ದು ನೋಡಿ, ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತ ಕೇಳಿದರು: ‘ತಪ್ಪದೆ ತಗೋತಿದ್ದೀಯಾ ಪುಟ್ಟ?’ ಮಗು ಬಾಯಿ ತೆರೆಯಬೇಕು, ಅಷ್ಟರಲ್ಲಿ ಈ ನಿನ್ನ ಅಪ್ಪ, ‘ತಪ್ಪದೆ ತಗೋತಾಳೆ ಡಾಕ್ಟ್ರೇ, ನಾನೇ ಗ್ಯಾರಂಟಿ, ಇದು ನಮ್ಮನೆ ಫ್ರಿಜ್ಜಿನ ಕಥೆ’ ಎಂದು ಥರ್ಮೋಸ್ಟಾಟಿನ ಪುರಾಣ ಬಿಚ್ಚಿದೆ. ಅವರು ಪಾಪ ಪೂರ್ತಿ ಕೇಳಿದರು. ಫ್ರಿಜ್ ಬದಲಿಸಿ ಆಯಿತು ಎಂದೆ, ಹಾಗಾದರೆ ಇನ್ನೂ ಸ್ವಲ್ಪ ಏರಿಸೋಣ ಎಂದು ಚೀಟಿಯಲ್ಲಿ ತಿದ್ದಿ ಕೊಟ್ಟರು. ಆಗ ಅವಳು ಏನು ಹೇಳುವುದರಲ್ಲಿದ್ದಳೋ ನನಗೆ ಗೊತ್ತಿಲ್ಲ. ಬಾಯಿ ತೆರೆದದ್ದು ಮಾತ್ರ ನಾನು ನೋಡಿದ್ದೇನೆ.

ನೀನು ಕೇಳಬಹುದು, ಮನೆಯಲ್ಲಿ ಇಬ್ಬರು ಮುದುಕರು ಇದ್ದು ಮಗು ಚುಚ್ಚಿಕೊಳ್ಳುವುದನ್ನು ನೋಡಲಿಲ್ಲವೇ ಎಂದು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಹದಿಮೂರಾದ ಮೇಲೆ ಅವಳು ತನ್ನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ತಾನೇ ಹಾಕಿಕೊಳ್ಳುತ್ತಾಳೆ. ದೊಡ್ಡವಳಾದಳು, ಬಿಡಿ ಎಂದವಳು ನೀನೇ, ನಾನೂ ಹೌದೆಂದೆ. ಎಷ್ಟು ಬೇಕೋ ಅಷ್ಟಕ್ಕೆ ಇನ್ಸುಲಿನ್ ಪೆನ್ನಿನ ಹಿಂಬದಿ ತಿರುಗಿಸುವಾಗ ಟಿಕ್ ಟಿಕ್ ಎನ್ನುತ್ತದಲ್ಲ, ಆ ಸದ್ದು ಅಡುಗೆಮನೆಯವರೆಗೂ ಕೇಳುತ್ತದೆ. ಅದು ಕೇಳಿದ ಮೇಲೆಯೇ ನಿನ್ನ ಅಮ್ಮ ತಟ್ಟೆ ಇಡುವುದು. ಕೇಳದಿದ್ದರೆ ಸೌಟು ಹಿಡಿದು ಕಾಯುತ್ತ ನಿಲ್ಲುತ್ತಾಳೆ. ಇಷ್ಟು ವರ್ಷ ಆ ಟಿಕ್ ಟಿಕ್ ನಮಗೆ ಊಟದ ಗಂಟೆ. ಎಲ್ಲ ಸರಿಯಾಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಒಂದು ದಿನವೂ ಅದು ತಪ್ಪಿದ್ದಿಲ್ಲ. ಇತ್ತೀಚೆಗಂತೂ ಡಾಕ್ಟರು ಏರಿಸಿದಷ್ಟೂ ಹೆಚ್ಚು ಹೊತ್ತು ಕೇಳುತ್ತಿತ್ತು, ನಾವೂ ಅಷ್ಟೇ ನಿಶ್ಚಿಂತೆಯಾಗಿ ತಟ್ಟೆಯ ಮುಂದೆ ಕೂರುತ್ತಿದ್ದೆವು.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮೆದುರು ಅವಳು ತುತ್ತನ್ನು ತಟ್ಟೆಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಪ್ರಯಾಣ ಮಾಡಿಸುತ್ತಾಳೆ. ‘ಸ್ಕೂಲಲ್ಲಿ ತಿಂದೆ ಅಜ್ಜಿ’ ಎನ್ನುತ್ತಾಳೆ. ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೊರಗೆ ಹೋಗಿ ಬರುವುದರಲ್ಲಿ ಬ್ರೆಡ್ಡಿನ ಪೊಟ್ಟಣ ಪೂರ್ತಿ ಮಾಯ, ಜಾಮಿನ ಬಾಟಲಿ ತೊಳೆದಿಟ್ಟಷ್ಟು ಖಾಲಿ, ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಪುಡಿ ಮಾತ್ರ. ನಿನ್ನ ಅಮ್ಮ ಇಲಿ ಎಂದು ತೀರ್ಮಾನಿಸಿದಳು. ಬಾಟಲಿಯ ಮುಚ್ಚಳ ತಿರುಗಿಸುವ ಇಲಿ ಯಾವುದೇ ಎಂದು ನಾನು ತಮಾಷೆ ಮಾಡಿದೆನೇ ಹೊರತು ಯೋಚಿಸಲಿಲ್ಲ. ಬೋನೂ ಇಟ್ಟೆವು. ಅವಳು ಆ ಬೋನನ್ನು ದಾಟಿ ಅಡುಗೆಮನೆಗೆ ಬಂದು, ಅದನ್ನು ನೋಡಿ, ಮುಖ ಬಿಳುಚಿಕೊಂಡು ಹೊರಟುಹೋದಳು. ಮಾರನೇ ದಿನವಿಡೀ ಹೊಟ್ಟೆ ಸರಿಯಿಲ್ಲ ಎಂದು ಏನನ್ನೂ ಮುಟ್ಟಲಿಲ್ಲ. ನಾವು ಮೊಮ್ಮಗಳಿಗೆ ಬೋನಿಟ್ಟಿದ್ದೆವು, ನೋಡು.

ಇನ್ನೊಂದು ಹೇಳಬೇಕು. ಎರಡು ತಿಂಗಳಿನಿಂದ ಅವಳು ಸ್ಕೂಲು ಬಿಟ್ಟೊಡನೆ ನನ್ನ ಅಂಗಡಿಗೆ ಬರತೊಡಗಿದ್ದಳು. ಮೊದಲು ಕರೆದರೂ ಬಾರದವಳು, ಗ್ರೀಸಿನ ವಾಸನೆ ಎಂದು ಮೂಗು ಮುರಿಯುತ್ತಿದ್ದವಳು. ಅಜ್ಜನ ಮೇಲೆ ಪ್ರೀತಿ ಉಕ್ಕಿದೆ ಎಂದು ನಾನು ಪಕ್ಕದ ಸೈಕಲ್ ಅಂಗಡಿಯವನ ಮುಂದೆ ಜಂಬ ಕೊಚ್ಚಿದ್ದೂ ಆಯಿತು. ಅಂಗಡಿಯ ಹಿಂದೆ ಫ್ರಿಜ್ಜಿಗೆ ತುಂಬುವ ಗ್ಯಾಸಿನ ಸಿಲಿಂಡರ್ ತೂಗುವ ತಕ್ಕಡಿ ಇದೆಯಲ್ಲ, ನೆಲದ ಮೇಲೆ ಹಲಗೆ ಥರ ಇರುವುದು, ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಅದರಲ್ಲಿ ನೋಡುತ್ತೇವೆ. ಅವಳು ಅದಕ್ಕೋಸ್ಕರ ಬರುತ್ತಿದ್ದಳು. ಒಂದು ದಿನ ಒಳಗೆ ಹೋದಾಗ ನೋಡಿದೆ. ಚೀಲ ಕೆಳಗೆ, ಚಪ್ಪಲಿ ಕೆಳಗೆ, ಕೂದಲಿನ ಕ್ಲಿಪ್ಪು ಕೂಡ ಬಿಚ್ಚಿ ನನ್ನ ಇಕ್ಕಳದ ಪಕ್ಕ ಇಟ್ಟು, ಉಸಿರು ಬಿಗಿಹಿಡಿದು ಅದರ ಮೇಲೆ ನಿಂತಿದ್ದಳು. ‘ಏನೇ ಬೆಣ್ಣೆ, ಇನ್ನೆಷ್ಟು ಗ್ಯಾಸ್ ಉಳಿದಿದೆ?’ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನನ್ನನ್ನು ನೋಡಿದ ಆ ನೋಟ ಒಂಥರಾ ಇತ್ತು, ಅಪರಿಚಿತರನ್ನು ನೋಡಿದ ಹಾಗೆ.

ಈಗ ಭಾನುವಾರದ ವಿಷಯ. ಹಳೆಯ ಫ್ರಿಜ್ಜನ್ನು ಅಂಗಡಿಗೆ ಸಾಗಿಸೋಣ ಎಂದು ಅದರ ಉದ್ದ ವೈರು ಹುಡುಕುತ್ತ ಅವಳ ಕೋಣೆಗೆ ಹೋದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಕಿಟಕಿಯ ಹತ್ತಿರ ಬಗ್ಗಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಗಾಯದ ಪಟ್ಟಿಯ ಹೊಸ ಪೊಟ್ಟಣ ಹರಿದಾಗ ಬರುತ್ತದಲ್ಲ, ಆ ವಾಸನೆ. ಇನ್ಸುಲಿನ್ನಿನದು ಅದೇ ವಾಸನೆ. ಅವಳ ಎಂಟನೇ ವರ್ಷದಿಂದ ಐದು ವರ್ಷ ನನ್ನ ಕೈಯಾರೆ ಚುಚ್ಚಿದವನಿಗೆ ಅದು ಮರೆಯುವುದಿಲ್ಲ. ಒಂದೆರಡು ಹನಿ ಚೆಲ್ಲಿರಬೇಕು ಎಂದುಕೊಂಡೆ. ಆದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ನನ್ನ ಕಸುಬಲ್ಲವೇ, ಮೂಗು ಬಿಡಲಿಲ್ಲ. ನೆಲ ಮೂಸಿದೆ, ಪರದೆ ಮೂಸಿದೆ, ಕುರ್ಚಿಯ ಮೆತ್ತೆಗೆ ಬಂದೆ. ಗವಸು ಬಿಚ್ಚಿದೆ. ಒಳಗಿನ ಹತ್ತಿ ಒಂದು ಕಡೆ ಒದ್ದೆ, ಅದರ ಸುತ್ತ ಒಣಗಿ ಗಟ್ಟಿಯಾದ ಕಲೆ, ಕಲೆಯ ಮೇಲೆ ಕಲೆ. ಎರಡು ತಿಂಗಳ ಊಟದ ಗಂಟೆಯೆಲ್ಲ ಆ ಮೆತ್ತೆಗೆ ಇಳಿದಿತ್ತು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಂತಾಗ ಗವಸು ಹಾಕಿ, ಮೆತ್ತೆಯನ್ನು ಇದ್ದ ಹಾಗೆಯೇ ಇಟ್ಟು ಕಳ್ಳನ ಹಾಗೆ ಹೊರಗೆ ಬಂದೆ.

ಅವಳನ್ನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಭಯವಾಯಿತು. ಸೋಮವಾರ ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ರಜೆ, ಶುಕ್ರವಾರ ಬರುತ್ತಾರಂತೆ. ಫೋನಿನಲ್ಲಿ ಒಬ್ಬ ನರ್ಸಮ್ಮ ಸಿಕ್ಕರು. ಮೆತ್ತೆಯ ವಿಷಯ ಹೇಳಿದೆ. ಅವರು, ‘ಈ ವಯಸ್ಸಿನ ಮಕ್ಕಳಲ್ಲಿ ಇದು ಇದೆ ಅಜ್ಜ, ನಿಮ್ಮನೇಲಿ ಮಾತ್ರ ಅಲ್ಲ. ಇನ್ಸುಲಿನ್ ಬಿಟ್ರೆ ತೂಕ ಇಳಿಯುತ್ತೆ ಅಂತ ಅವರಿಗೆ ಗೊತ್ತಿರುತ್ತೆ’ ಎಂದರು. ತಿಂದದ್ದು ಮೈಗೆ ಹತ್ತದೆ ಸಕ್ಕರೆಯಾಗಿ ಮೂತ್ರದಲ್ಲಿ ಹೋಗುತ್ತದಂತೆ, ಮೈ ತನ್ನನ್ನೇ ತಾನು ತಿನ್ನುತ್ತದಂತೆ. ಹಾಗೇ ಬಿಟ್ಟರೆ ಕಣ್ಣು ಹೋಗಬಹುದು, ಕಿಡ್ನಿ ಹೋಗಬಹುದು. ಅದಕ್ಕೂ ಮೊದಲೇ ರಕ್ತ ಹುಳಿಯಾಗಿ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಕರೆತನ್ನಿ, ಶುಕ್ರವಾರ ಅಂತ ಕಾಯಬೇಡಿ ಎಂದರು. ಬೈಯಬೇಡಿ, ತೂಕದ ಮಾತು ಎತ್ತಬೇಡಿ, ಪಕ್ಕದಲ್ಲಿ ನಿಂತು ಇನ್ಸುಲಿನ್ ಕೊಡಿಸಿ ಎಂದರು. ಜೀವವನ್ನೇ ತೆಗೆಯುವಂಥದ್ದನ್ನು ಇಷ್ಟು ದಿನ ಮನೆಯೊಳಗೆ ಇಟ್ಟುಕೊಂಡು ನಾನು ರಬ್ಬರು ಬದಲಿಸುತ್ತ ಕೂತಿದ್ದೆ.

ಸೋಮವಾರದಿಂದ ನನ್ನ ಮೈಯೆಲ್ಲ ಕಿವಿ, ಮೂಗು. ಅವಳು ಹತ್ತಿರ ಬಂದಾಗಲೆಲ್ಲ ಉಸಿರೆಳೆದು ನೋಡುತ್ತೇನೆ. ‘ಏನಜ್ಜ ನೆಗಡಿನಾ?’ ಎಂದು ಕೇಳಿದಳು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿಯುತ್ತಾಳೆ, ನಾನು ಕೆಳಗೆ ಕೈ ಚಾಚಿ ನಿಂತಿರುತ್ತೇನೆ, ಬಿದ್ದರೆ ಹಿಡಿಯಲು. ನಿನ್ನೆ ಸ್ಕೂಲಿನಿಂದ ಬರುವುದು ತಡವಾಯಿತು. ಬೀದಿಯಲ್ಲಿ ಒಂದು ಆಂಬ್ಯುಲೆನ್ಸ್ ಹೋಯಿತು, ನಾನು ಚಪ್ಪಲಿ ಇಲ್ಲದೆ ಅದರ ಹಿಂದೆ ಮೂಲೆಯವರೆಗೆ ಓಡಿದೆ. ಅವಳು ಎದುರಿನಿಂದ ಗೆಳತಿಯ ಜೊತೆ ಹರಟುತ್ತ ಬರುತ್ತಿದ್ದಳು. ನನ್ನ ಬರಿಗಾಲು ನೋಡಿ ಗೆಳತಿ ನಕ್ಕಳು, ಇವಳಿಗೆ ನಾಚಿಕೆಯಾಯಿತು. ನಿನ್ನ ಅಮ್ಮನಿಗೆ ಸೋಮವಾರ ರಾತ್ರಿಯೇ ಹೇಳಿದೆ. ‘ನೀವು ಕೇಳ್ಬೇಡಿ, ನಿಮ್ಮ ಬಾಯಿ ಸರಿ ಇಲ್ಲ, ನಾನು ಕೇಳ್ತೀನಿ’ ಎಂದವಳು, ಗಳಿಗೆಗೊಮ್ಮೆ ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಒಗೆದ ಬಟ್ಟೆ ಕೊಟ್ಟು ವಾಪಸ್ ಬರುತ್ತಾಳೆ. ಬಟ್ಟೆಯೂ ಮುಗಿದಿದೆ.

ನನಗೆ ಒಂದು ನೆನಪು ಬಿಡದೆ ಕಾಡುತ್ತಿದೆ. ಎಂಟು ವರ್ಷಕ್ಕೆ ಮೊದಲ ಸಲ ಈ ಕಾಯಿಲೆ ಎಂದು ಗೊತ್ತಾದಾಗ ಅವಳು ಕಡ್ಡಿಯಾಗಿದ್ದಳಲ್ಲ. ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರುವಾದ ಮೇಲೆ ಮೈ ತುಂಬಿಕೊಂಡಿತು, ಕೆನ್ನೆ ಬಂತು. ನಾನು ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ, ‘ನೋಡಿ, ನಮ್ಮ ಬೆಣ್ಣೆ ಮತ್ತೆ ಬೆಣ್ಣೆ ಮುದ್ದೆಯಾದಳು!’ ಎಂದು ಕೂಗಿದ್ದೆ. ಸಂತೋಷಕ್ಕೆ ಕೂಗಿದ್ದು ಮಗಳೇ, ಜೀವ ಉಳಿಯಿತಲ್ಲ ಎಂದು. ಎಲ್ಲರೂ ನಕ್ಕರು. ಚುಚ್ಚಿದರೆ ದಪ್ಪ, ಬಿಟ್ಟರೆ ಸಣ್ಣ ಎಂಬ ಲೆಕ್ಕ ಅವಳ ತಲೆಯೊಳಗೆ ಯಾವತ್ತು ಕೂತಿತೋ, ಯಾರು ಕೂರಿಸಿದರೋ ನನಗೆ ತಿಳಿಯದು. ಸ್ಕೂಲಿನಲ್ಲಿ ಯಾರು ಏನೆಂದರೋ, ಕನ್ನಡಿ ಏನೆಂದಿತೋ. ಆ ಹೆಸರು ಹಿಡಿದು ಇನ್ನು ನಾನು ಕರೆಯುವುದಿಲ್ಲ. ಈ ಕಾಗದದಲ್ಲೇ ಎಷ್ಟು ಸಲ ಬರೆದೆನೋ, ಬಾಯಿಗೆ ಅಂಟಿದ ಹಾಗೆ ಕೈಗೂ ಅಂಟಿದೆ.

ಈಗ ನಾನು ಮಾಡಿರುವ ತೀರ್ಮಾನ ಕೇಳು. ಸೋಮವಾರ, ಮಂಗಳವಾರ ನಾನು ಅವಳ ಬಾಗಿಲ ಹೊರಗೆ ನಿಂತೆನೇ ಹೊರತು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಇವತ್ತಿನಿಂದ ಆ ನಾಟಕ ಸಾಕು. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ನಾನೇ ನನ್ನ ಕೈಯಾರೆ ಕೊಡುತ್ತೇನೆ. ಬೈಯುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಆದರೆ ಡಾಕ್ಟರ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೂ, ಒಂದು ಹನಿ ಕಡಿಮೆ ಇಲ್ಲದೆ, ಸೂಜಿ ಒಳಗೆ ಹೋದದ್ದು ಕಣ್ಣಾರೆ ನೋಡಿ ಕೊಡುತ್ತೇನೆ. ಎರಡು ತಿಂಗಳು ಹಸಿದ ಮೈಗೆ ಇವತ್ತು ಪೂರ್ತಿ ಬೀಳಲಿ. ಅವಳು ಅತ್ತರೂ ಬಿಡುವುದಿಲ್ಲ, ಇಷ್ಟಾದರೂ ಗಟ್ಟಿಯಾಗದಿದ್ದರೆ ನಾನೆಂಥ ಅಜ್ಜ? ನೀನು ಗಾಬರಿಯಾಗಿ ಕೆಲಸ ಬಿಟ್ಟು ಓಡಿ ಬರಬೇಡ. ನಿನ್ನ ಬದಲಿಯವರು ಬರಲು ಇನ್ನೂ ಮೂರು ವಾರ ಇದೆ. ಅವಳ ಅಪ್ಪ ತೀರಿಕೊಂಡ ಮೇಲೆ ಆ ಕೆಲಸವನ್ನು ನೀನು ಹೇಗೆ ಉಳಿಸಿಕೊಂಡಿದ್ದೀಯ ಎಂದು ನನಗೆ ಗೊತ್ತು. ಇಲ್ಲಿ ನಾನಿದ್ದೇನೆ. ಅವಳಿಗೊಂದು ಕಾಗದ ಬರೆ, ಶುಗರಿನ ಸುದ್ದಿಯೇ ಇಲ್ಲದ್ದು. ಮೋಡದ ಬಗ್ಗೆ ಬರೆ, ಗಾಳಿಯ ಯಂತ್ರದ ಜೊತೆ ಜಗಳದ ಬಗ್ಗೆ ಬರೆ. ಅವಳು ನಕ್ಕು ಬಹಳ ದಿನವಾಯಿತು.

ಪುಟ ತಿರುಗಿಸುವ ಸದ್ದು ನಿಂತಿದೆ. ಊಟದ ಹೊತ್ತಾಯಿತು, ನಿನ್ನ ಅಮ್ಮ ಸೌಟು ಹಿಡಿದು ನಿಂತಿದ್ದಾಳೆ, ನಾನು ಏಳಬೇಕು. ನಿನ್ನ ಅಮ್ಮ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ. ಮೈ ಬೆಚ್ಚಗೆ ಇಟ್ಟುಕೋ, ಹೊತ್ತುಹೊತ್ತಿಗೆ ಊಟ ಮಾಡು, ನೀನಾದರೂ ಮಾಡು.

ಸದಾ ನಿನ್ನ ಒಳಿತನ್ನೇ ಬೇಡುವ,
ಅಪ್ಪ

ಮರೆತದ್ದು, ಅಲ್ಲ, ಈಗ ಆದದ್ದು: ಅಕ್ಷರ ಸೊಟ್ಟಗಿದ್ದರೆ ಮನ್ನಿಸು, ನಿಂತುಕೊಂಡೇ ಬರೆಯುತ್ತಿದ್ದೇನೆ. ಪೆನ್ನಿಗೆ ಹೊಸ ಸೂಜಿ ಹಾಕಿ, ಚೀಟಿ ನೋಡಿ ಅಷ್ಟಕ್ಕೂ ತಿರುಗಿಸಿ ಅವಳ ಕೋಣೆಗೆ ಹೋದೆ. ‘ಇವತ್ತು ಅಜ್ಜ ಕೊಡ್ತಾನೆ’ ಎಂದೆ ಅಷ್ಟೇ. ಅವಳು ನನ್ನನ್ನು ನೋಡಿದಳು, ಕುರ್ಚಿಯ ಮೆತ್ತೆಯನ್ನು ನೋಡಿದಳು, ಎಲ್ಲ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು. ತಕರಾರು ಮಾಡಲಿಲ್ಲ. ಅಂಗಿಯ ಅಂಚು ಎತ್ತಿ ಕಣ್ಣು ಮುಚ್ಚಿದಳು. ಪಕ್ಕೆಲುಬು ಎಣಿಸುವ ಹಾಗಿವೆ ಮಗಳೇ. ಸೂಜಿ ಚರ್ಮಕ್ಕೆ ತಾಗಿತು. ಅಷ್ಟರಲ್ಲಿ ಅವಳು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಇನ್ನೊಂದು ನೆಪ ಎಂದುಕೊಂಡು ನಾನು ಕೈ ಕೊಸರಿದೆ, ಹೌದು, ಕೊಸರಿದೆ. ಅವಳು ಬಿಡಲಿಲ್ಲ. ‘ಅಜ್ಜ, ಅಷ್ಟು ಬೇಡ. ನಾನು ಅಷ್ಟು ಯಾವತ್ತೂ ಹಾಕಿಲ್ಲ. ವಾಂತಿ ಆಗದೆ ಇರ್ಲಿ ಅಂತ ಚೂರೇ ಚೂರು ಹಾಕೋತಿದ್ದೆ, ಮಿಕ್ಕಿದ್ದೆಲ್ಲ ಸುರೀತಿದ್ದೆ. ನಾನು ಸುರಿದಿದ್ದಕ್ಕೇ ಡಾಕ್ಟ್ರು ಜಾಸ್ತಿ ಮಾಡಿದ್ದು. ಈಗ ಅಷ್ಟೂ ಒಂದೇ ಸಲ ಹೋದ್ರೆ ಶುಗರ್ ಕುಸಿದು ನಾನು ಬೆಳಿಗ್ಗೆ ಏಳಲ್ಲ ಅಜ್ಜ’ ಎಂದಳು.

ಪೆನ್ನು ನನ್ನ ಕೈಯಿಂದ ಬಿತ್ತು. ಚೀಟಿಯಲ್ಲಿರುವ ಲೆಕ್ಕ ಸುಳ್ಳು, ನನ್ನ ಗ್ಯಾರಂಟಿಯ ಮೇಲೆ ಬರೆದದ್ದು. ಅದನ್ನು ನಾನು ನನ್ನ ಕೈಯಾರೆ ಮಗುವಿಗೆ ಚುಚ್ಚುತ್ತಿದ್ದೆ. ಆಸ್ಪತ್ರೆಗೆ ಫೋನ್ ಹಚ್ಚಿದೆ. ನಾನು ಮಾತಾಡಲಿಲ್ಲ, ಅವಳ ಕೈಗೆ ಕೊಟ್ಟೆ. ನಿಜವಾಗಿ ಎಷ್ಟು ಹಾಕಿಕೊಳ್ಳುತ್ತಿದ್ದಳು, ಯಾವತ್ತಿನಿಂದ, ಎಲ್ಲವನ್ನೂ ಅವಳೇ ಹೇಳಿದಳು, ನಡುವೆ ಅತ್ತಳು, ಮತ್ತೆ ಹೇಳಿದಳು. ಏನೂ ಚುಚ್ಚಬೇಡಿ, ಈಗಲೇ ಕರೆತನ್ನಿ, ಇಲ್ಲಿ ನೋಡಿ ಕೊಡುತ್ತೇವೆ ಎಂದಿದ್ದಾರೆ. ಬೆಳಗಿನಿಂದ ಹೊಟ್ಟೆ ನೋಯುತ್ತಿದೆಯಂತೆ, ಅದನ್ನೂ ಈಗಲೇ ಹೇಳಿದ್ದು. ಡ್ರೈವರ್ ಬಂದಿದ್ದಾನೆ, ತರಕಾರಿ ಮೂಟೆ ಸರಿಸಿ ಜಾಗ ಮಾಡುತ್ತಿದ್ದಾನೆ, ನಮ್ಮನ್ನು ಆಸ್ಪತ್ರೆಗೆ ಇಳಿಸಿ ಆಮೇಲೆ ನಿನ್ನ ಕಡೆ ಹತ್ತುತ್ತಾನೆ. ಓಡಿ ಬರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಓದಬೇಡ. ಇದೇ ಜೀಪಿನಲ್ಲಿ ಇಳಿದು ಬಾ. ನನಗೆ ತುಂಬ ಭಯವಾಗುತ್ತಿದೆ, ಈ ರಾತ್ರಿ ಹೇಗೆ ಕಳೆಯುತ್ತದೋ ಗೊತ್ತಿಲ್ಲ. ಆದರೆ ಅವಳು ನನ್ನ ಕೈ ಹಿಡಿದಳು ಮಗಳೇ. ಅವಳಿಗೆ ಬದುಕಬೇಕು ಎಂದಿದೆ. ಬೇಗ ಬಾ.